ಹಿಂದೂಪುರದ ಕಂಪ್ಯೂಟ್ರಮ್ಮ

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಹಳೆಯ ಸಹಪಾಠಿಯೊಬ್ಬ ಬೇರೇನೋ ವಿಷಯಕ್ಕೆ ಫೋನು ಮಾಡಿದವನು ಮಾತಿನ ನಡುವೆ, "ನಮ್ಮ ಮೇಡಂ ಹೋಗಿಬಿಟ್ಟರಲ್ಲ, ನಿನಗೆ ಗೊತ್ತಾಗಿರಬೇಕು" ಎಂದ. ಗೊತ್ತಾಗಿರಲಿಲ್ಲ. ಅಳು ಬರುವುದಕ್ಕೆ ಮೊದಲು ಸಿಟ್ಟು ಬಂತು, ನನ್ನ ಮೇಲೆಯೇ. ಮೂವತ್ತು ವರ್ಷದಿಂದ ಜನರ ಪಕ್ಕದಲ್ಲಿ ಕೂತು ವಿಚಾರಿಸುವುದನ್ನೇ ಕೆಲಸ ಮಾಡಿಕೊಂಡವನು, ಆ ಕೆಲಸ ಕೊಡಿಸಿದವರನ್ನು ಒಂದು ವರ್ಷದಿಂದ ಹೇಗಿದ್ದೀರಿ ಎಂದು ವಿಚಾರಿಸಿರಲಿಲ್ಲ.

ಊರಿನವರು ಅವರನ್ನು ಕಂಪ್ಯೂಟ್ರಮ್ಮ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬಹಳ ಜನಕ್ಕೆ ಹೆಸರು ಗೊತ್ತೂ ಇರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹಿಂದೂಪುರದಲ್ಲಿ ಅವರು ಪಾಠ ಹೇಳುತ್ತಿದ್ದ ಜಾಗ ಒಂದು ಬೆಲ್ಲದ ಮಂಡಿಯ ಮಹಡಿ. ಕೆಳಗೆ ಬೆಲ್ಲ, ಪಕ್ಕದಲ್ಲಿ ಹುಣಸೆಹಣ್ಣು, ಮೇಲೆ ನಾವು. ಡಿಗ್ರಿ ಮುಗಿಸಿದವರಿಗೆ ಒಂದು ವರ್ಷದ ಕೋರ್ಸು. ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳಿಗೆ ಎರಡು ಕಂಪ್ಯೂಟರು, ಅದರಲ್ಲಿ ಒಂದು ಸದಾ ರಿಪೇರಿ. ಕರೆಂಟು ತನಗೆ ಮನಸ್ಸು ಬಂದಾಗ ಬಂದು ಹೋಗುತ್ತಿತ್ತು. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಾಗಿತ್ತು.

ಮೇಡಂ ಪರಿಗಿಯ ಒಕ್ಕಲು ಮನೆತನದವರು. ಎಪ್ಪತ್ತರ ದಶಕದಲ್ಲಿ ಗಣಿತದಲ್ಲಿ ಡಿಗ್ರಿ ಮಾಡಿ ಬೆಂಗಳೂರಿನ ಒಂದು ಕಾರ್ಖಾನೆ ಸೇರಿದ್ದರು. ಕಂಪ್ಯೂಟರು ಒಂದು ಕೋಣೆಯಷ್ಟು ದೊಡ್ಡದಿದ್ದು, ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಪ್ರೋಗ್ರಾಂ ಉಣಿಸುತ್ತಿದ್ದ ಕಾಲ ಅದು. ಹತ್ತು ವರ್ಷ ಅಲ್ಲಿ ದುಡಿದು, ಒಂದು ದಿನ ಬಿಟ್ಟು ಬಂದರು. ಯಾಕೆ ಎಂಬುದಕ್ಕೆ ಹಿಂದೂಪುರದಲ್ಲಿ ಮೂರು ಕತೆಗಳಿದ್ದವು, ಮೂರರಲ್ಲೂ ಒಬ್ಬ ಗಂಡಸಿದ್ದ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಧೈರ್ಯ ಮಾಡಿ ಅವರನ್ನೇ ಕೇಳಿದಳು. "ಅಲ್ಲಿ ಊಟ ಸರಿಹೋಗ್ಲಿಲ್ಲ ಕಣಮ್ಮ" ಎಂದರು. ಹತ್ತು ವರ್ಷ ಬೇಕಾಯಿತೇ ಊಟ ಸರಿಹೋಗಲಿಲ್ಲ ಎಂದು ತಿಳಿಯಲು, ಎಂದು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ.

ಗಿಡ್ಡ ಹೆಂಗಸು. ಹತ್ತಿ ಸೀರೆ, ಗಂಡಸರ ವಾಚು, ದಾರ ಕಟ್ಟಿದ ಕನ್ನಡಕ. ಕಾರ್ಖಾನೆಯಲ್ಲಿ ಒಮ್ಮೆ ಮೆಟ್ಟಿಲ ಮೇಲೆ ಎಡವಿ, ಜೋಡಿಸಿಟ್ಟ ನೂರಾರು ಕಾರ್ಡುಗಳನ್ನು ಚೆಲ್ಲಿಬಿಟ್ಟರಂತೆ. ಅವನ್ನು ಮತ್ತೆ ಸಾಲಾಗಿ ಜೋಡಿಸಲು ಎರಡು ದಿನ ಹಿಡಿಯಿತಂತೆ. ಅಂದಿನಿಂದ ಕಾರ್ಡಿನ ಕಟ್ಟಿನ ಅಂಚಿಗೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲಿನ ಗೆರೆ ಎಳೆಯುವುದನ್ನು ಕಲಿತರು; ಚೆಲ್ಲಿದರೆ ಗೆರೆ ನೋಡಿ ಜೋಡಿಸಬಹುದು. ಕಾರ್ಡಿನ ಕಾಲ ಹೋದರೂ ಗೆರೆ ಹೋಗಲಿಲ್ಲ. ಪ್ರಶ್ನೆಪತ್ರಿಕೆ, ಹಾಜರಿ ಹಾಳೆ, ತಂಗಿಯ ಮಗಳ ಮದುವೆಯ ಲಗ್ನಪತ್ರಿಕೆಗಳ ಕಟ್ಟಿಗೂ ಗೆರೆ ಎಳೆದೇ ಕೆಳಗಿಡುತ್ತಿದ್ದರು.

ಪ್ರೋಗ್ರಾಂ ಬರೆದ ಕೂಡಲೇ ಕಂಪ್ಯೂಟರಿನ ಹತ್ತಿರ ಬಿಡುತ್ತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆಸಿ, ಕೆಳಗಿನ ಮಂಡಿಯಿಂದ ತಂದ ಹುಣಸೆಬೀಜ ಕೊಟ್ಟು, ಪ್ರೋಗ್ರಾಮಿನ ಒಂದೊಂದು ಸಾಲು ಓದಿದಂತೆ ಬೀಜವನ್ನು ಒಂದು ಚೌಕದಿಂದ ಇನ್ನೊಂದಕ್ಕೆ ನಾವೇ ಸರಿಸುವಂತೆ ಮಾಡುತ್ತಿದ್ದರು. "ಮಿಷಿನ್ನಿಗೆ ಬುದ್ಧಿ ಇಲ್ಲ ಕಣಪ್ಪ. ಇಲ್ಲದಿರೋದು ಅದರ ತಪ್ಪಲ್ಲ. ನಿಂಗೆ ಇದ್ದೂ ಬಳಸ್ದಿದ್ರೆ ತಪ್ಪು" ಎನ್ನುತ್ತಿದ್ದರು. ಡಿಗ್ರಿ ಪಾಸಾದ ಗಂಡುಗಳು ಚೌಕಾಬಾರ ಆಡುವವರಂತೆ ನೆಲದ ಮೇಲೆ ಕೂತಿದ್ದನ್ನು ಮಂಡಿಯ ಹಮಾಲರು ಮೆಟ್ಟಿಲ ಮೇಲೆ ನಿಂತು ನೋಡಿ ನಗುತ್ತಿದ್ದರು.

ಆಯುಧಪೂಜೆಯ ದಿನ ಮಂಡಿಯ ಯಜಮಾನರ ತಾಯಿ ಮೇಲೆ ಬಂದು ಕಂಪ್ಯೂಟರಿಗೆ ವಿಭೂತಿ ಬಳಿದರು. ಅಷ್ಟಕ್ಕೆ ನಿಂತಿದ್ದರೆ ಚಿಂತೆ ಇರಲಿಲ್ಲ. ಫ್ಲಾಪಿ ಹಾಕುವ ಸಂದಿಯನ್ನು ಕಂಡು, ಇದು ಇದರ ಬಾಯಿ ಇರಬೇಕೆಂದು, ಅಲ್ಲಿಗೂ ಒಂದು ಚಿಟಿಕೆ ಕುಂಕುಮ ಹಾಕಿಬಿಟ್ಟರು. ನಾವೆಲ್ಲ ಮೇಡಂ ಮುಖ ನೋಡಿದೆವು. ಮೇಡಂ ಅಜ್ಜಿಯನ್ನು ಕೂರಿಸಿ, ಮಜ್ಜಿಗೆ ಕುಡಿಸಿ, ಕೆಳಗೆ ಬಿಟ್ಟು ಬಂದು, ಎರಡು ದಿನ ಕೂತು ಆ ಸಂದಿಯನ್ನು ಕೋಳಿಪುಕ್ಕದಲ್ಲಿ ಒರೆಸಿದರು. "ಆಯಮ್ಮ ಕೈ ಮುಗ್ದವ್ರೆ, ನೀವು ಒಂದಿನ ಧೂಳು ಒರೆಸಿದ್ರಾ?" ಎಂದು ಬೈಗುಳವನ್ನು ನಮಗೇ ತಿರುಗಿಸಿದರು.

ಅವರನ್ನು ಬರೀ ಹೊಗಳಿದರೆ ಅವರಿಗೇ ಹಿಡಿಸುವುದಿಲ್ಲ. ಅವರಿಗೆ ತಾಳ್ಮೆ ಕಡಿಮೆ. ಬಾಯಿಪಾಠ ಮಾಡಿ ಬಂದವರನ್ನು ಎಲ್ಲರೆದುರು ಅಳಿಸುತ್ತಿದ್ದರು. ಮೆಚ್ಚಿದವರಿಗೆ ಮೆಚ್ಚಿದ್ದೇನೆಂದು ಹೇಳದೆ ಅವರಿಗೇ ಹೆಚ್ಚು ಕೆಲಸ ಕೊಡುತ್ತಿದ್ದರು. ನನಗೆ ಬಹಳ ಕೆಲಸ ಬೀಳುತ್ತಿದ್ದುದರಿಂದ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಕೋರ್ಸು ಮುಗಿಯುವ ಕಾಲಕ್ಕೆ ಒಬ್ಬೊಬ್ಬರನ್ನೂ ಕಿಟಕಿಯ ಹತ್ತಿರ ಕರೆದು ಮುಂದೇನು ಎಂದು ಕೇಳುವುದು ಅವರ ರೂಢಿ. ಕೇಳುವುದಕ್ಕಿಂತ ಹೇಳುವುದೇ ಹೆಚ್ಚು. ಒಬ್ಬನಿಗೆ, "ಮಿಷಿನ್ ಬಿಚ್ಚೋದು ನಿನ್ನ ಕೈಗೆ ಬಂದದೆ, ರಿಪೇರಿ ಕಲಿ" ಎಂದರು. ಒಬ್ಬಳಿಗೆ, "ನೀನು ಮಾಡಿದ ತಪ್ಪನ್ನ ಎಷ್ಟು ಚೆಂದಾಗಿ ವಿವರಿಸ್ತೀಯ, ಮೇಷ್ಟ್ರಾಗು" ಎಂದರು. ಆಕೆ ಈಗ ಕಾಲೇಜಿನ ಪ್ರಿನ್ಸಿಪಾಲರು. ನನ್ನ ಸರದಿ ಬಂತು.

"ಏನಾಯ್ತೀಯ?"

"ಪ್ರೋಗ್ರಾಮರ್ ಆಗ್ತೀನಿ ಮೇಡಂ."

"ಯಾಕೆ?"

"ಚೆನ್ನಾಗಿ ಬರೀತೀನಲ್ಲ ಮೇಡಂ."

"ಬರೀತೀಯ, ಇಲ್ಲ ಅನ್ನಲ್ಲ" ಎಂದು ಕಿಟಕಿಯಾಚೆ ನೋಡಿದರು. ಅವರ ಹಳೆಯ ಕಾರ್ಖಾನೆಯ ಗೆಳೆಯರೊಬ್ಬರು ಈಗ ಹೈದರಾಬಾದಿನ ಒಂದು ದೊಡ್ಡ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಒಬ್ಬ ಪ್ರೋಗ್ರಾಮರನ್ನು ಕಳಿಸಿಕೊಡು, ನಿನ್ನ ಮಾತಿನ ಮೇಲೆ ನೋಡುತ್ತೇನೆ ಎಂದು ಮೇಡಂಗೆ ಬರೆದಿದ್ದರು. ಅದಕ್ಕೆ ಮೇಡಂ ಬರೆದುಕೊಡುವ ಶಿಫಾರಸು ಕಾಗದ ಯಾರಿಗೆ ಸಿಗುತ್ತದೆ ಎಂಬುದೇ ನಮ್ಮೆಲ್ಲರ ಮಾತಾಗಿತ್ತು. "ನಿಂಗೇ ಕೊಡ್ತೀನಿ. ಮೊದ್ಲು ನಿನ್ನ ಹತ್ತು ದಿನ ಮುಗ್ಸು" ಎಂದರು.

ಹತ್ತು ದಿನ ಎಂದರೆ ಇದು. ಸರ್ಟಿಫಿಕೇಟು ಬೇಕಾದವರು ಕೈಯಲ್ಲಿ ಕೆಲಸ ಮಾಡುವ ಯಾರಾದರೊಬ್ಬರ ಪಕ್ಕದಲ್ಲಿ ಹತ್ತು ದಿನ ಸುಮ್ಮನೆ ಕೂರಬೇಕು. ಅವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹತ್ತು ದಿನ ಮುಗಿಯುವವರೆಗೆ ಪ್ರೋಗ್ರಾಮಿನ ಒಂದು ಸಾಲೂ ಬರೆಯಕೂಡದು. ಬೇರೆ ಕಡೆ ಕಂಪ್ಯೂಟರು ಕಲಿತ ಗೆಳೆಯರಿಗೆ ಇದನ್ನು ಹೇಳಿದರೆ ನಂಬುತ್ತಿರಲಿಲ್ಲ.

ನನ್ನ ಮನೆ ಕಲ್ಯಾಣದುರ್ಗ. ಅಲ್ಲಿ ಶಿವಭಕ್ತ ವ್ಯಾಪಾರಿಯೊಬ್ಬರು ಏಳೆಂಟು ಖಾಸಗಿ ಬಸ್ಸು ಓಡಿಸುತ್ತಿದ್ದರು. ಯಾವ ಡ್ರೈವರು ಯಾವ ಬಸ್ಸಿಗೆ, ಸಂಜೆಯ ಬಸ್ಸು ಯಾವ ಹಳ್ಳಿಯಲ್ಲಿ ಉಳಿದರೆ ಅದರ ಜೊತೆ ಯಾರು ಉಳಿಯಬೇಕು ಎಂಬುದನ್ನು ಒಬ್ಬ ಮುದುಕರು ದಿನಾ ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು. ಎಲ್ಲರೂ ಅವರನ್ನು ಡ್ಯೂಟಿ ತಾತ ಎನ್ನುತ್ತಿದ್ದರು. ನಾನು ಅವರ ಪಕ್ಕ ಒಂದು ದಿನ ಕೂತೆ. ಹಲಗೆ ಒರೆಸಿದರು, ಬೀಡಿ ಸೇದಿದರು, ಬರೆದರು. ಇದರಲ್ಲಿ ಹತ್ತು ದಿನ ನೋಡುವುದೇನಿದೆ ಅನ್ನಿಸಿತು. ಉಳಿದ ಒಂಬತ್ತು ದಿನ ಮನೆಯಲ್ಲಿ ಮಲಗಿ, ಸಿನಿಮಾ ನೋಡಿ, ಕೊನೆಯ ದಿನ ಒಂದೇ ಸಲ ಕೂತು ಒಂಬತ್ತು ದಿನದ ಡೈರಿ ಹುಟ್ಟಿಸಿದೆ. ಆಮೇಲೆ ತಾತನ ಡ್ಯೂಟಿ ಹಂಚಿಕೆಗೆ ಪ್ರೋಗ್ರಾಂ ಬರೆದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಒಬ್ಬೊಬ್ಬ ಡ್ರೈವರಿಗೂ ಎಲ್ಲ ಹಳ್ಳಿಗಳು ಸರದಿಯ ಮೇಲೆ ಬರುತ್ತಿದ್ದವು. ಮೇಡಂ ಹುಣಸೆಬೀಜದಲ್ಲಿ ಅದನ್ನು ಮೂರು ಸಲ ಓಡಿಸಿದರು. ಒಂದು ತಪ್ಪೂ ಸಿಗಲಿಲ್ಲ. ನೋಟ್‌ಬುಕ್ಕಿಗೂ ಸಹಿ ಹಾಕಿದರು.

ಪ್ರಿಂಟಾದ ಹಾಳೆಯನ್ನು ಕಂಡಕ್ಟರನ ಕೈಯಲ್ಲಿ ಕಲ್ಯಾಣದುರ್ಗಕ್ಕೆ ಕಳಿಸಿದೆವು. ಅಂಚಿನಲ್ಲಿ ತೂತುಗಳಿದ್ದ ಆ ಉದ್ದನೆಯ ಕಾಗದ ಕಂಡು ಮಾಲೀಕರಿಗೆ ಹಿಗ್ಗೋ ಹಿಗ್ಗು. ಇನ್ನು ಮೇಲೆ ಇದೇ ನಡೆಯಲಿ ಎಂದು ಆಫೀಸಿನ ಗೋಡೆಗೆ ಅಂಟಿಸಿದರು. ತಾತ ಹಲಗೆ ಒರೆಸಿ ಗೋಡೆಗೆ ಒರಗಿಸಿಟ್ಟರು.

ವಾರದ ಮೇಲೆ ತಾತ ಖುದ್ದಾಗಿ ಹಿಂದೂಪುರಕ್ಕೆ ಬಂದರು. ನಡೆಯುತ್ತಿದ್ದ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಡಿಸಿದ ಪ್ರಿಂಟು ಕೈಯಲ್ಲಿ ಹಿಡಿದು ನಿಂತರು.

"ಅಮ್ಮಾ, ಮೀ ಕಾಗಿತಂ ಬಾಗುಂದಿ. ನಿಮ್ ಕಾಗ್ದ ಚೆನ್ನಾಗದೆ, ಲೆಕ್ಕ ಎಲ್ಲಾ ಸರಿಯಾಗದೆ. ಒಂದು ಹುಡ್ಗಿಗೆ ಮಾತ್ರ ಪರೀಕ್ಷೆ ತಪ್ಪೋಯ್ತು."

ನಿಂತುಕೊಂಡೇ ಹೇಳಿದರು. ಸೆಟ್ಟೂರಿನಿಂದಾಚೆ ಒಂದು ಹಳ್ಳಿಗೆ ಸಂಜೆಯ ಬಸ್ಸು ಹೋಗಿ ಉಳಿಯುತ್ತದೆ. ಆ ಬಸ್ಸಿಗೆ ತಾತ ಯಾವಾಗಲೂ ಅದೇ ಹಳ್ಳಿಯ ಡ್ರೈವರನ್ನು ಹಾಕುತ್ತಿದ್ದರು. ಅವನಿಗೆ ಮನೆಯ ಊಟ, ಹಳ್ಳಿಗೆ ತನ್ನ ಮನುಷ್ಯ. ಬೆಳಿಗ್ಗೆ ಆರಕ್ಕೆ ಆ ಡ್ರೈವರು ಇಂಜಿನು ಶುರು ಮಾಡಿ ಒಂದು ಹಾರನ್ ಹೊಡೆಯುತ್ತಿದ್ದ. ಅದನ್ನು ಕೇಳಿ ದೂರದ ಕುರಿಹಟ್ಟಿಗಳಿಂದ ಜನ ಹೊರಡುತ್ತಿದ್ದರು. ಇಪ್ಪತ್ತು ನಿಮಿಷದ ಮೇಲೆ ಇನ್ನೊಂದು ಹಾರನ್ ಹೊಡೆದು ಬಸ್ಸು ಬಿಡುತ್ತಿದ್ದ. ಇದು ಯಾವ ಹಲಗೆಯ ಮೇಲೂ ಬರೆದಿರಲಿಲ್ಲ. ನನ್ನ ಹಾಳೆ ಆ ಬಸ್ಸಿಗೆ ರೊದ್ದಂ ಕಡೆಯ ಡ್ರೈವರನ್ನು ಹಾಕಿತ್ತು. ಅವನು ಪಾಪ, ಹಾಳೆಯಲ್ಲಿದ್ದಂತೆ ಆರು ಗಂಟೆಗೆ ಸರಿಯಾಗಿ ಒಂದು ಹಾರನ್ ಹೊಡೆದು ಹೊರಟುಬಿಟ್ಟ. ಅಂಥ ಒಂದು ಹಟ್ಟಿಯಿಂದ ಹತ್ತನೇ ಕ್ಲಾಸಿನವರೆಗೆ ಓದಿದ ಮೊದಲ ಹುಡುಗಿ ಬಸ್ಸಿನ ಹಿಂದೆ ಓಡಿದಳು. ಅಂದು ಕಲ್ಯಾಣದುರ್ಗದಲ್ಲಿ ಅವಳ ಲೆಕ್ಕದ ಪರೀಕ್ಷೆ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

ಮೇಡಂ ನನ್ನ ಕಡೆ ನೋಡಲಿಲ್ಲ. "ಆ ನೋಟ್‌ಬುಕ್ಕಿಗೆ ಸಹಿ ಹಾಕಿದ್ದು ನಾನು" ಎಂದು ತಾತನಿಗೆ ಕೈ ಮುಗಿದರು. ಮರುದಿನ ನನ್ನನ್ನು ಕರೆದುಕೊಂಡು ಕಲ್ಯಾಣದುರ್ಗಕ್ಕೆ ಹೋಗಿ, ಮಾಲೀಕರ ಎದುರಿಗೇ ಗೋಡೆಯ ಹಾಳೆ ಕಿತ್ತು, ಹಲಗೆಯನ್ನು ತಾವೇ ಎತ್ತಿ ಮೊಳೆಗೆ ತಗುಲಿಹಾಕಿದರು.

ವಾಪಸು ಬರುವಾಗ ಬಸ್ಸು ರೊದ್ದಂ ದಾಟಿತು. ಆಮೇಲೆ ಹೇಳಿದರು: "ಒಂಬತ್ತು ದಿನದ ಡೈರಿ ಒಂದೇ ಇಂಕಿನಲ್ಲಿತ್ತು, ಒಂದೇ ಓಟದಲ್ಲಿತ್ತು. ಅವತ್ತೇ ಕಂಡಿದ್ದೆ ಕಣ್ಲಾ. ಪ್ರೋಗ್ರಾಂ ಅಷ್ಟು ಚೆಂದ ಇತ್ತಲ್ಲ, ಕಂಡೂ ಕಾಣದಂಗೆ ಸಹಿ ಹಾಕ್ಬುಟ್ಟೆ." ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟರು. ಹೈದರಾಬಾದಿನ ಗೆಳೆಯರಿಗೆ ಅವರು ಬರೆದ ಶಿಫಾರಸು ಕಾಗದ. "ಮುಂದಿನ ತಿಂಗಳು ಒಂದು ಸೋಮವಾರ ಇಂಟರ್‌ವ್ಯೂ. ಹೋಗು. ಪ್ರೋಗ್ರಾಂ ಬರೆಯೋದು ನಿಂಗೆ ಬತ್ತದೆ, ಅದರಲ್ಲಿ ಸುಳ್ಳಿಲ್ಲ. ಉಳಿದ ಒಂಬತ್ತು ದಿನ ಕೂತ್ಕಂತೀಯೋ ಬಿಡ್ತೀಯೋ ನಿಂಗೆ ಬಿಟ್ಟಿದ್ದು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯದೆ ಕಾಗದ ಕೊಟ್ಟರು. ನಾನು ಆ ಲಕೋಟೆಯನ್ನು ತೆರೆಯದೆ ಕಿಸೆಗೆ ಹಾಕಿಕೊಂಡೆ.

ಆ ತಿಂಗಳ ಉಳಿದ ಕ್ಲಾಸುಗಳು ಮುಗಿದ ಮೇಲೆ ನಾನು ಹೋಗಿ ತಾತನ ಪಕ್ಕ ಕೂತೆ, ಒಂಬತ್ತು ದಿನವೂ. ಯಾಕೆ, ಯಾಕೆ ಎಂದು ಕೇಳಿದೆ. ಈ ಕಂಡಕ್ಟರಿಗೆ ಗುರುವಾರ ಯಾಕೆ ದೂರದ ಬಸ್ಸಿಲ್ಲ? ಅವನ ಹೆಂಡತಿಗೆ ಅಂದು ಆಸ್ಪತ್ರೆ. ಈ ಇಬ್ಬರನ್ನು ಯಾಕೆ ಜೊತೆ ಹಾಕುವುದಿಲ್ಲ? ಹೊಲದ ಬದುವಿನ ಜಗಳ. ನೋಟ್‌ಬುಕ್ ತುಂಬಿತು. ಕೇಳುವುದು ನನಗೆ ಇಷ್ಟವಾಗುತ್ತಿದೆ ಎಂದು ನನಗೇ ಅಚ್ಚರಿಯಾಯಿತು. ಒಂಬತ್ತನೆಯ ದಿನ ಶುಕ್ರವಾರ. ಇಂಟರ್‌ವ್ಯೂ ಸೋಮವಾರ, ಟ್ರೈನು ಭಾನುವಾರ. ಎದ್ದು ಹೊರಟಾಗ ತಾತ, "ಎಲ್ರನ್ನೂ ಕೇಳಿದ್ರಿ. ಆ ಹುಡ್ಗಿ ಮನೇಗೆ ಹೋಗ್ಲಿಲ್ವಾ?" ಎಂದರು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದೆ. ಹಟ್ಟಿಯ ಮುಂದೆ ಹುಡುಗಿಯ ತಾಯಿ ಕುರಿಯ ಉಣ್ಣೆ ಬಿಡಿಸುತ್ತಿದ್ದಳು. ಹುಡುಗಿ ಪುಸ್ತಕ ಹಿಡಿದು ನೆರಳಲ್ಲಿ ಕೂತಿದ್ದಳು. ಹಿಂದೂಪುರದಿಂದ ಬಂದೆ ಎಂದೆ.

"ಕೂತ್ಕಳಪ್ಪ. ಟೀಚರಮ್ಮ ಬರ್ಲಿಲ್ವಾ?"

"ಯಾವ ಟೀಚರಮ್ಮ?"

"ಕಂಪ್ಯೂಟ್ರಮ್ಮ ಅಂತಾರಲ್ಲ. ಮೂರು ಭಾನುವಾರದಿಂದ ಬತ್ತಾವ್ರೆ. ಜೂನ್ ಪರೀಕ್ಷೆಗೆ ಇವ್ಳಿಗೆ ಲೆಕ್ಕ ಹೇಳ್ಕೊಡ್ತಾವ್ರೆ. ತಪ್ಪು ನಂದೇ ಕಣಮ್ಮ ಅಂದ್ರು. ಅಷ್ಟು ದೊಡ್ಡೋರು ನಮ್ ಹಟ್ಟೀಗ್ ಬಂದು ಹಂಗನ್ನಬೋದಾ?"

ಹಿಂದೂಪುರದಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಿ, ಹೋಗಿ ಬರಲು ಇಡೀ ದಿನ ಬೇಕು. ಸೋಮವಾರಗಳಂದು ಕ್ಲಾಸಿನಲ್ಲಿ ಮೇಡಂ ಮಂಡಿ ನೀವಿಕೊಳ್ಳುತ್ತಿದ್ದುದನ್ನು ಕಂಡು ನಾವು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು.

"ತಪ್ಪು ಅವರದಲ್ಲಮ್ಮ. ಆ ಹಾಳೆ ಬರೆದವನು ನಾನು" ಎಂದೆ.

ತಾಯಿಯ ಕೈ ನಿಂತಿತು. ಹುಡುಗಿ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿನಿಂದಲ್ಲ, ಒಂದು ಏರ್ಪಾಡಿನ ವಿಷಯ ಮಾತಾಡುವವಳಂತೆ ಹೇಳಿದಳು: "ಹಂಗಾರೆ ನಾಳೆಯಿಂದ ನೀವೇ ಬರ್ರಿ. ಆಯಮ್ಮಂಗೆ ಮಂಡಿ ನೋವು, ಬಸ್ಸಿಳಿಯಾಕೆ ಆಗಾಕಿಲ್ಲ."

ನಾಳೆ ಎಂದರೆ ಭಾನುವಾರ. ಕಿಸೆಯಲ್ಲಿ ಲಕೋಟೆ ಇತ್ತು. ಒಂದು ವಾರ ತಡವಾಗಿ ಬಂದರೆ ಆಗುವುದಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಆದರೆ ಬಸ್ಸಿನ ಹಿಂದೆ ಓಡಿದವಳಿಗೆ ಆ ಮಾತು ಹೇಳಲು ಬಾಯಿ ಬರಲಿಲ್ಲ. ಸಂಜೆ ಕಲ್ಯಾಣದುರ್ಗಕ್ಕೆ ಬಂದು, ಹಿಂದೂಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮೇಡಂಗೆ ಒಂದು ಚೀಟಿ ಕೊಟ್ಟೆ: "ನಾಳೆ ನೀವು ಹಟ್ಟಿಗೆ ಹೋಗಬೇಡಿ. ನಾನು ಹೋಗುತ್ತೇನೆ."

ಸೋಮವಾರ ಮಧ್ಯಾಹ್ನ ಬೆಲ್ಲದ ಮಂಡಿಯ ಮೆಟ್ಟಿಲು ಹತ್ತಿದಾಗ ಮೇಡಂ ಒಬ್ಬರೇ ಇದ್ದರು. ಚೀಟಿ ಮೇಜಿನ ಮೇಲಿತ್ತು. ಮೆಚ್ಚುಗೆಯ ಒಂದು ಮಾತಾದರೂ ಸಿಗುತ್ತದೆ ಎಂದುಕೊಂಡಿದ್ದೆ.

"ಯಾರ್ಲಾ ಹೇಳಿದ್ದು ನಿಂಗೆ ಇಂಟರ್‌ವ್ಯೂ ಬಿಡು ಅಂತ? ಆ ಕಾಗದ ಬರೆಯಾಕೆ ಮೂರು ದಿನ ಒದ್ದಾಡಿದೀನಿ ನಾನು. ಆ ಮಗೂಗೆ ಪಾಠ ಹೇಳಾಕೆ ನಾನೇನು ಸತ್ತೋಗಿದ್ನಾ?" ಹದಿನೈದು ನಿಮಿಷ ಬೈದರು. ಕೆಳಗೆ ಹಮಾಲರು ಮೂಟೆ ಇಳಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಬೈದು ದಣಿದು, ನೀರು ಕುಡಿದು, ಕುರ್ಚಿಯಲ್ಲಿ ಕೂತು, ಬೇರೆ ದನಿಯಲ್ಲಿ ಕೇಳಿದರು: "ಅವ್ಳಿಗೆ ಸಮೀಕರಣ ಬಂತಾ?"

"ಇಲ್ಲ ಮೇಡಂ. ಎಲ್ಲಿಂದ ಬರುತ್ತಿಲ್ಲ ಅಂತ ಕೇಳುತ್ತಾ ಹಿಂದೆ ಹಿಂದೆ ಹೋದೆ. ಅವಳಿಗೆ ಸಮೀಕರಣದ್ದಲ್ಲ ತೊಂದರೆ, ಋಣಸಂಖ್ಯೆಯದು. ಏಳನೇ ಕ್ಲಾಸಿನಲ್ಲಿ ಆ ಪಾಠ ಆಗುವಾಗ ಅವರ ಮನೆಯವರು ಕುರಿ ಹೊಡೆದುಕೊಂಡು ಬೇರೆ ಕಡೆ ಹೋಗಿದ್ದರಂತೆ. ಅದೊಂದು ಬಿಟ್ಟುಹೋಗಿದೆ. ನಿನ್ನೆ ಅದನ್ನೇ ಹೇಳಿಕೊಟ್ಟೆ."

ಮೇಡಂ ಕನ್ನಡಕ ತೆಗೆದರು. "ಮೂರು ವಾರ ಹೋಗಿದ್ದೆ" ಎಂದರು. "ನಂಗೆ ಇದು ಗೊತ್ತಾಗ್ಲಿಲ್ಲ."

ಕನ್ನಡಕ ಮತ್ತೆ ಏರಿಸಿಕೊಂಡು, "ಕೊಡಿಲ್ಲಿ ಆ ಕಾಗದ" ಎಂದು ಕೈ ಚಾಚಿದರು. ಲಕೋಟೆ ಹರಿದು, ಒಳಗಿದ್ದ ಹಾಳೆಯಲ್ಲಿ ತಾವು ಮೂರು ದಿನ ಒದ್ದಾಡಿ ಬರೆದಿದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹೊಸ ಹಾಳೆ ತೆಗೆದು ಬರೆದು, ನನಗೇ ಓದಲು ಕೊಟ್ಟರು. ಅದರಲ್ಲಿ ಎರಡೇ ಸಾಲಿತ್ತು: ಈ ಹುಡುಗ ಪ್ರೋಗ್ರಾಂ ಚೆನ್ನಾಗಿ ಬರೆಯುತ್ತಾನೆ, ಆದರೆ ಅದಕ್ಕೆ ಇವನನ್ನು ತೆಗೆದುಕೊಳ್ಳಬೇಡಿ. ನಿಮ್ಮ ಪ್ರೋಗ್ರಾಮರುಗಳು ಬರೆಯಲು ಕೂರುವುದಕ್ಕೆ ಮುಂಚೆ, ಕೆಲಸ ಮಾಡುವವರ ಪಕ್ಕ ಕೂತು ಕೇಳಿ ಬರುವುದಕ್ಕೆ ಇವನನ್ನು ಇಟ್ಟುಕೊಳ್ಳಿ.

"ಆ ಆಫೀಸಿನಲ್ಲಿ ಇಂಥ ಕೆಲಸ ಇದೆಯಾ ಮೇಡಂ?"

"ಇಲ್ಲ" ಎಂದರು. "ಕಾಗದ ನೋಡಿದ್ಮೇಲೆ ಇರ್ಬೇಕು ಅನ್ನಿಸ್ತದೆ ಅವನಿಗೆ. ಅಲ್ಲೀವರ್ಗೂ ನಿಂಗೆ ಭಾನುವಾರದ ಕೆಲಸ ಅದೆಯಲ್ಲ."

ಜೂನ್ ತಿಂಗಳವರೆಗೆ ಪ್ರತಿ ಭಾನುವಾರ ನಾನು ಆ ಹಟ್ಟಿಗೆ ಹೋದೆ. ಅಷ್ಟರಲ್ಲಿ ಮೇಡಂ ಬರೆದ ಎರಡು ಸಾಲಿಗೆ ಹೈದರಾಬಾದಿನಿಂದ, ಹುಡುಗನನ್ನು ಕಳಿಸು ಎಂದು ಉತ್ತರ ಬಂದಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗಿ ಬಸ್ಸಿನಲ್ಲಿ ಕೂತಿದ್ದನ್ನು ಕಣ್ಣಾರೆ ನೋಡಿ, ಅದೇ ಬಸ್ಸಿನಲ್ಲಿ ಹೊರಟು, ಮರುದಿನ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದೆ.